ಮಂಗಳವಾರದ ಮಾಂತ್ರಿಕ

ವುಲ್ವರ್‌ಹ್ಯಾಂಪ್ಟನ್‌ನ ಒಂದು ಬಾಡಿಗೆ ಹಾಲ್‌ನಲ್ಲಿ ದೀಪಾವಳಿ ಊಟ ನಡೆದಿತ್ತು. ನನ್ನ ಎಡಕ್ಕೆ ಕೂತಿದ್ದ ಡಾಕ್ಟರು ತಮ್ಮ ಆಸ್ಪತ್ರೆಯ ಡ್ಯೂಟಿ ಪಟ್ಟಿಯ ಬಗ್ಗೆ ಗೊಣಗುತ್ತಿದ್ದರು. ಬಲಕ್ಕೆ ಅಕ್ಷತಾ ಎಂಬ ಮೈಸೂರಿನ ಹುಡುಗಿ ಕೂತಿದ್ದಳು. ಲಫ್‌ಬರೋದಲ್ಲಿ ಎಂ.ಎಸ್ಸಿ ಓದುತ್ತಿದ್ದಾಳೆ. ಮಾತಿಗೆ ಇರಲಿ ಎಂದು ಕೇಳಿದಳು:

"ಆಂಟಿ, ರಿಟೈರ್ ಆಗೋ ಮುಂಚೆ ನೀವು ಏನ್ ಕೆಲಸ ಮಾಡ್ತಿದ್ರಿ?"

"ಮಾಂತ್ರಿಕ ಆಗಿದ್ದೆ."

ಹೋಳಿಗೆ ಮುರಿಯುತ್ತಿದ್ದ ಅವಳ ಕೈ ನಿಂತಿತು. "ಅಂದ್ರೆ... ಹೀಲಿಂಗ್, ಧ್ಯಾನ, ಆ ಥರಾನಾ?"

"ಅಲ್ಲಮ್ಮ. ಬಿಳಿ ಗಡ್ಡ, ಉದ್ದ ಕೋಲು, ಕೋಟೆ. ಕೌನ್ಸಿಲ್ ನೌಕರಿ. ಪೆನ್ಶನ್ ಬರ್ತದೆ."

ಅವಳು ನಗಲಿಲ್ಲ. ಬರುವ ಬೇಸಿಗೆಗೆ ಅವಳಿಗೂ ಒಂದು ಕೋಟೆಯಲ್ಲಿ ಶಾಲಾ ಮಕ್ಕಳಿಗೆ ಕಥೆ ಹೇಳುವ ಕೆಲಸ ಸಿಕ್ಕಿದೆಯಂತೆ. ವೇಷ ಯಾವುದು ಅಂತ ಇನ್ನೂ ಹೇಳಿಲ್ಲವಂತೆ. "ಏನಾದ್ರೂ ಟಿಪ್ಸ್ ಕೊಡಿ ಆಂಟಿ" ಅಂದಳು. ಅಷ್ಟರಲ್ಲಿ ಮಕ್ಕಳ ಡ್ಯಾನ್ಸ್ ಶುರುವಾಗಿ ಯಾರ ಮಾತೂ ಯಾರಿಗೂ ಕೇಳದಂತಾಯಿತು. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಅವಳಿಗೂ, ಈ ಕೆಲಸಕ್ಕೆ ಬರುವ ಬೇರೆ ಯಾರಿಗಾದರೂ. ಬಹಳ ಜನ ಬರುತ್ತಾರೆಂದು ನನಗೇನೂ ಅನ್ನಿಸುವುದಿಲ್ಲ.

ನನ್ನ ಹೆಸರು ಶಕುಂತಲಾ, ಊರು ಧಾರವಾಡ. ಗಂಡನಿಗೆ ಲಫ್‌ಬರೋದ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಕೂತು ಕೂತು ಸಾಕಾಗಿ ಪಾರ್ಟ್‌ಟೈಮ್‌ನಲ್ಲಿ ಇನ್ನೊಂದು ಎಂ.ಎ. ಮಾಡಿದೆ. ನಾನು ಆರಿಸಿಕೊಂಡ ವಿಷಯ, ಮಧ್ಯಯುಗದ ದಂತಕಥೆಗಳಲ್ಲಿ ಮತ್ತು ವೀರರ ಪ್ರೇಮಕಥೆಗಳಲ್ಲಿ ಬರುವ ಮಾಂತ್ರಿಕ. "ಇದರಿಂದ ಕೆಲಸ ಸಿಗ್ತದೇನು?" ಎಂದು ನನ್ನ ಗಂಡ ಒಂದು ಸಲ ಮಾತ್ರ ಕೇಳಿದರು. ಸಿಗುವುದಿಲ್ಲ ಅಂದೆ. ನಾನು ಹೇಳಿದ ಮೊದಲ ಭವಿಷ್ಯ ಅದು. ಸುಳ್ಳಾಯಿತು.

ಆ ಕಥೆಗಳ ಮಾಂತ್ರಿಕ ಎಂಥವನು ಎಂದು ಸ್ವಲ್ಪ ಹೇಳಬೇಕು. ಅವನ ತಂದೆ ಮನುಷ್ಯನಲ್ಲ, ತಾಯಿ ಮಾತ್ರ ಮನುಷ್ಯಳು. ಇನ್ನೂ ಕೂಸಾಗಿದ್ದಾಗಲೇ ಬಾಯಿ ತೆರೆದು, ತಾಯಿಯ ಮೇಲೆ ಬಂದ ಅಪವಾದಕ್ಕೆ ನ್ಯಾಯಾಧೀಶನ ಮುಂದೆ ವಾದ ಮಾಡಿ ಅವಳ ಜೀವ ಉಳಿಸುತ್ತಾನೆ. ಕಟ್ಟಿದ ಗೋಪುರ ಮತ್ತೆ ಮತ್ತೆ ಕುಸಿಯುತ್ತಿದೆ ಎಂದು ಅರಸ ತಲೆ ಕೆಡಿಸಿಕೊಂಡಾಗ, ಬುನಾದಿಯ ಕೆಳಗೆ ಕೊಳವಿದೆ, ಅದರಲ್ಲಿ ಎರಡು ಡ್ರ್ಯಾಗನ್‌ಗಳು ಗುದ್ದಾಡುತ್ತಿವೆ ಎಂದು ಅಗೆಸಿ ತೋರಿಸುತ್ತಾನೆ. ಬೇಕೆಂದಾಗ ದನ ಕಾಯುವವನಾಗುತ್ತಾನೆ, ಎಳೆಯ ಹುಡುಗನಾಗುತ್ತಾನೆ, ಜಿಂಕೆಯಾಗುತ್ತಾನೆ. ಯುದ್ಧದಲ್ಲಿ ತನ್ನವರು ಸತ್ತದ್ದು ಕಂಡು ಬುದ್ಧಿಗೆಟ್ಟು ಕಾಡು ಸೇರುತ್ತಾನೆ. ಕೊನೆಗೆ ತಾನೇ ವಿದ್ಯೆ ಕಲಿಸಿದ ಹೆಣ್ಣಿನ ಕೈಯಲ್ಲಿ ಬಂಡೆಯ ಕೆಳಗೆ ಸೆರೆಯಾಗುತ್ತಾನೆ. ಹಾಗಾಗುವುದು ಅವನಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಹೋಗುತ್ತಾನೆ. ಊರಿನವರ ಭವಿಷ್ಯವನ್ನೆಲ್ಲ ಬಲ್ಲವನು ತನ್ನ ಮನೆಯ ವಿಷಯದಲ್ಲಿ ನಮ್ಮ ನಿಮ್ಮ ಹಾಗೆಯೇ.

ನನಗೆ ಕೆಲಸ ಸಿಕ್ಕಿದ್ದು ಮಿಡ್‌ಲ್ಯಾಂಡ್ಸ್‌ನ ಒಂದು ಸಣ್ಣ ಕೋಟೆಯಲ್ಲಿ. ಶಾಲಾ ಮಕ್ಕಳ ಗುಂಪುಗಳನ್ನು ನೋಡಿಕೊಳ್ಳುವ ಕೆಲಸ. ಅರ್ಧ ಬಿದ್ದ ಗೋಡೆ, ಒಂದು ಗೋಪುರ, ಗಿಫ್ಟ್ ಶಾಪ್, ಕೆಫೆ, ಕಾರ್ ಪಾರ್ಕ್. ಆ ಮಾಂತ್ರಿಕ ನಮ್ಮ ಕೋಟೆಗೆ ಬಂದಿದ್ದ ಎನ್ನಲು ಯಾವ ಆಧಾರವೂ ಇಲ್ಲ. ಅವನು ಇದ್ದ ಎನ್ನಲೂ ಇಲ್ಲ. ಆದರೆ ಗೋಪುರಕ್ಕೆ ಯಾವಾಗಲೋ ‘ಮಾಂತ್ರಿಕನ ಗೋಪುರ’ ಎಂದು ಬೋರ್ಡ್ ಹಾಕಿಯಾಗಿತ್ತು. ಅದನ್ನು ತೆಗೆಸಲು ಕೋಟೆ ನಡೆಸುತ್ತಿದ್ದ ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ಪುರಸಭೆಯಲ್ಲಿ, ಬಜೆಟ್ ಇರಲಿಲ್ಲ.

ಮಾಂತ್ರಿಕನ ವೇಷ ಹಾಕುತ್ತಿದ್ದವನು ಟೆರಿ ಎಂಬ ನಟ. ಒಂದು ಬೆಳಿಗ್ಗೆ ಬರ್ಮಿಂಗ್‌ಹ್ಯಾಮ್‌ನಿಂದ ಎರಡು ಬಸ್ ತುಂಬ ಮಕ್ಕಳು ಬರುವವರಿದ್ದಾಗ ಟೆರಿ ಫೋನ್ ಮಾಡಿ, ತನಗೆ ಪ್ರವಾಸಿ ಹಡಗಿನಲ್ಲಿ ಹಾಡುವ ಕೆಲಸ ಸಿಕ್ಕಿದೆ, ಈಗಾಗಲೇ ಬಂದರಿನಲ್ಲಿದ್ದೇನೆ ಅಂದ. ನಮ್ಮ ಮ್ಯಾನೇಜರ್ ಹೆಲೆನ್ ಆಫೀಸಿನಲ್ಲಿ ಸುತ್ತ ನೋಡಿದಳು. ಇದ್ದದ್ದು ನಾನೊಬ್ಬಳೇ.

"ನೀನು ಇದರಲ್ಲೇ ಡಿಗ್ರಿ ಮಾಡಿದ್ದೀಯಲ್ಲ?" ಎಂದು ಗಡ್ಡ ಕೈಗೆ ಕೊಟ್ಟಳು.

"ನಾನು ಹೆಂಗಸು ಹೆಲೆನ್. ಅದರ ಮೇಲೆ ಧಾರವಾಡದವಳು."

"ಎರಡೂ ನಿನ್ನ ಅರ್ಜಿಯಲ್ಲಿ ಓದಿದ್ದೇನೆ. ಬಸ್ಸುಗಳು ಗೇಟಿಗೆ ಬಂದವು."

ನಾನು ತಕರಾರು ಮಾಡಿದ್ದು ಟೋಪಿಯ ಬಗ್ಗೆ ಮಾತ್ರ. ಹಳೆಯ ಕಥೆಗಳಲ್ಲಿ ಎಲ್ಲಿಯೂ ಅವನು ಚೂಪು ಟೋಪಿ ಹಾಕುವುದಿಲ್ಲ. ಅದು ಬಹಳ ಈಚಿನವರ ಕಲ್ಪನೆ ಎಂದು ವಿವರವಾಗಿ ಹೇಳಿದೆ. ಹೆಲೆನ್ ಪೂರ್ತಿ ಕೇಳಿಸಿಕೊಂಡು, "ನಮ್ಮ ಶಾಪ್‌ನಲ್ಲಿ ಅತಿ ಹೆಚ್ಚು ಮಾರಾಟವಾಗುವುದೇ ಆ ಟೋಪಿ" ಅಂದಳು. ಟೋಪಿ ಹಾಕಿಕೊಂಡೆ. ಕೊನೆಯವರೆಗೂ ಹಾಕಿಕೊಂಡೆ. ಅಕ್ಷತಾ, ನೀನು ಓದಿದ್ದಕ್ಕೂ ಗಿಫ್ಟ್ ಶಾಪ್‌ಗೂ ಜಗಳ ಬಂದಾಗ ಯಾರು ಗೆಲ್ಲುತ್ತಾರೆಂದು ಮೊದಲ ದಿನವೇ ತಿಳಿದುಕೊಂಡರೆ ಬಹಳ ಸಮಯ ಉಳಿಯುತ್ತದೆ.

ವೇಷ ಹಾಕಿ ಹೊರಗೆ ಬಂದಾಗ ಮಕ್ಕಳು ಬೆಚ್ಚಿ ಬೀಳುತ್ತಾರೆ ಅಂದುಕೊಂಡಿದ್ದೆ. ಸಾಲಿನ ಮುಂದಿದ್ದ ಸಣ್ಣ ಹುಡುಗಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮಜ್ಜಿಗೂ ಗಡ್ಡ ಬರುತ್ತೆ" ಅಂದಳು. ಅಷ್ಟಕ್ಕೆ ಆ ವಿಷಯ ಮುಗಿಯಿತು. ಇಷ್ಟು ವರ್ಷಗಳಲ್ಲಿ ಮಕ್ಕಳು ಯಾರೂ ನನ್ನ ಬಣ್ಣ, ದನಿ, ಲಿಂಗ ಯಾವುದನ್ನೂ ಪ್ರಶ್ನಿಸಲಿಲ್ಲ. ಪ್ರಶ್ನಿಸಿದ್ದು ದೊಡ್ಡವರು. "ನಿಜವಾದ ಮಾಂತ್ರಿಕ ಯಾವಾಗ ಬರ್ತಾನೆ?" ಎಂದು ಕೇಳುತ್ತಿದ್ದರು. "ಅವನು ಬೇಕಾದ ರೂಪ ತಾಳುತ್ತಾನೆ" ಎನ್ನುತ್ತಿದ್ದೆ. ಇದು ಕಥೆಯ ಪ್ರಕಾರ ಸರಿಯಾದ ಉತ್ತರ.

ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ಹೇಳಿದಾಗ ಅವಳಿಗೆ ಮಾಂತ್ರಿಕ ಎಂಬುದನ್ನು ವಿವರಿಸುವುದು ಕಷ್ಟವಾಯಿತು. ಕೊನೆಗೆ "ನಮ್ಮ ಬುಡುಬುಡಿಕಿಯಾಂವ ಇಲ್ಲೇನವಾ, ಹಂಗ" ಅಂದೆ.

"ಹಂಗಾರ ಮುಂಜಾನೆದ್ದು ಮನಿಮನಿಗೆ ಹೋಗ್ತಿಯೇನು?"

"ಇಲ್ಲವಾ, ಅವರ ಬಸ್ ಮಾಡಿಕೊಂಡ ಬರ್ತಾರ."

"ಅಷ್ಟ ಚಲೋ ಆತು ಬಿಡು" ಅಂದಳು. ಮಗಳು ಮಾತ್ರ ತನ್ನ ಗೆಳತಿಯರಿಗೆ, ಅಮ್ಮ ಕೌನ್ಸಿಲ್‌ನಲ್ಲಿದ್ದಾಳೆ ಎಂದಷ್ಟೇ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದಳು. ಸುಳ್ಳೇನಲ್ಲ.

ಕೆಲಸದ ಬಹುಭಾಗ ಚಳಿ. ಕೋಟೆಗಳಿಗೆ ಹೀಟರ್ ಇಲ್ಲ. ಮಾಂತ್ರಿಕನ ನಿಲುವಂಗಿಯ ಒಳಗೆ ನಾನು ಎರಡು ಸ್ವೆಟರ್, ಒಂದು ಥರ್ಮಲ್ ಒಳಂಗಿ ಹಾಕುತ್ತಿದ್ದೆ. ಗಡ್ಡಕ್ಕೆ ಅಂಟು ಹಚ್ಚಬೇಡಿ, ಕಿವಿಗೆ ಸಿಕ್ಕಿಸುವ ದಾರ ಸಾಕು. ಸೂಪ್ ಕುಡಿಯುವಾಗ ತೆಗೆಯಿರಿ.

ಇನ್ನೊಂದು ಭಾಗ ಪ್ರಶ್ನೆಗಳು. ನಾನು ಹೆಚ್ಚಾಗಿ ಹೇಳುತ್ತಿದ್ದದ್ದು ಮಾಂತ್ರಿಕನ ನಗುವಿನ ಕಥೆ. ಅವನನ್ನು ಹಿಡಿದು ಅರಸನ ಬಳಿ ಕರೆತರುವಾಗ ದಾರಿಯಲ್ಲಿ ಒಬ್ಬ ಭಿಕ್ಷುಕನನ್ನು ನೋಡಿ ನಗುತ್ತಾನೆ. ಭಿಕ್ಷುಕ ಕೂತ ನೆಲದ ಕೆಳಗೇ ಹೊನ್ನಿನ ಕೊಪ್ಪರಿಗೆ ಇರುತ್ತದೆ. ಸಂತೆಯಲ್ಲಿ ಹೊಸ ಜೋಡು ಕೊಂಡು, ಮುಂದೆ ಹರಿದರೆ ಹೊಲಿಸಲಿಕ್ಕೆ ಎಂದು ತೊಗಲೂ ಕೊಳ್ಳುವವನನ್ನು ನೋಡಿ ಮತ್ತೆ ನಗುತ್ತಾನೆ. ಅವನು ಅಂದೇ ನದಿಯಲ್ಲಿ ಮುಳುಗಿ ಸಾಯುವವನಿರುತ್ತಾನೆ.

ಬರ್ಮಿಂಗ್‌ಹ್ಯಾಮ್‌ನಿಂದ ಬಂದ ಹಲೀಮಾ ಎಂಬ ಹುಡುಗಿ ಕೈ ಎತ್ತಿದಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ ಸರ್? ಹೊಳೆಗೆ ಹೋಗಬೇಡ ಅನ್ನಬಹುದಿತ್ತಲ್ಲ?"

ವಿಧಿ, ಮಧ್ಯಯುಗದವರ ನಂಬಿಕೆ ಎಂದೆಲ್ಲ ನಾನು ಎಂ.ಎ.ಯಲ್ಲಿ ಬರೆದದ್ದನ್ನು ಚಿಕ್ಕದಾಗಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಅದು ಉತ್ತರ ಅಲ್ಲ ಸರ್" ಅಂದಳು. ಅಷ್ಟರಲ್ಲಿ ಟೀಚರು ಎಲ್ಲರನ್ನೂ ಬಸ್ಸಿಗೆ ಸಾಲು ನಿಲ್ಲಿಸಿದರು. ಪರೀಕ್ಷಕರು, ಪ್ರೊಫೆಸರರು ಬಹಳ ಪ್ರಶ್ನೆ ಕೇಳಿದ್ದಾರೆ, ಮನೆಗೆ ತೆಗೆದುಕೊಂಡು ಹೋಗಿ ಯೋಚಿಸಿದ್ದು ಅದೊಂದನ್ನೇ.

ಭವಿಷ್ಯ ಹೇಳುವುದೂ ನನ್ನ ಕೆಲಸದಲ್ಲಿ ಸೇರಿತ್ತು. ಶನಿವಾರ ಬಂದವರಿಗೆ ಗೋಪುರದ ಕೆಳಗೆ ಕೂತು ತಮಾಷೆಗೆ ಒಂದೊಂದು ಮಾತು ಹೇಳಬೇಕು. ಒಮ್ಮೆ ಒಬ್ಬ ಯುವಕ, ಒಬ್ಬ ಯುವತಿ ಬಂದರು. "ನಿಮ್ಮ ಮನೆಗೆ ಹೊಸಬರು ಬರುತ್ತಾರೆ" ಅಂದೆ. ನಾಯಿಮರಿ ಇರಬಹುದು ಎಂಬ ಅಂದಾಜು, ಅವಳ ಕೋಟಿಗೆ ನಾಯಿಯ ಕೂದಲು ಅಂಟಿತ್ತು. ಯುವತಿ ಬಿಳಿಚಿಕೊಂಡು ಯುವಕನ ಕಡೆ ತಿರುಗಿ, "ನೀನು ಇವರಿಗೂ ಹೇಳಿದ್ಯಾ? ನಮ್ಮಮ್ಮನಿಗೇ ಇನ್ನೂ ಹೇಳಿಲ್ಲ!" ಅಂದಳು. ಅವಳ ತಾಯಿ ಹಿಂದೆಯೇ ಐಸ್‌ಕ್ರೀಮ್ ಹಿಡಿದು ನಿಂತಿದ್ದರು. ಸೋಮವಾರ ಹೆಲೆನ್ ಹೊಸ ನಿಯಮ ಮಾಡಿದಳು. ಇನ್ನು ಮುಂದೆ ಮಾಂತ್ರಿಕ ಹವಾಮಾನ, ಕೆಫೆ ಮತ್ತು ಗಿಫ್ಟ್ ಶಾಪ್‌ಗೆ ಸಂಬಂಧಿಸಿದ ಭವಿಷ್ಯ ಮಾತ್ರ ನುಡಿಯತಕ್ಕದ್ದು.

ಆ ನಿಯಮ ಇದ್ದಾಗಲೇ ಕೆನ್ ಮತ್ತು ಡೊರೊತಿ ಬರತೊಡಗಿದರು.

ಮಂಗಳವಾರ ಪಿಂಚಣಿದಾರರಿಗೆ ಉಚಿತ ಪ್ರವೇಶ. ಕೆನ್ ಎಂಬತ್ತರ ಹತ್ತಿರದವರು, ಕಾಲುಚೀಲ ಹೆಣೆಯುವ ಹೊಸೈರಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು, ಮಳೆಯಲ್ಲೂ ಟೈ ಕಟ್ಟುತ್ತಿದ್ದರು. ಅವರ ಹೆಂಡತಿ ಡೊರೊತಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ಕೂತರೆ ಚಡಪಡಿಸುತ್ತಾರೆ, ಕೋಟೆಗೆ ಬಂದರೆ ಸಮಾಧಾನವಾಗುತ್ತಾರೆ ಎಂದು ಕೆನ್ ಕರೆತರುತ್ತಿದ್ದರು. ಮೊದಲ ದಿನವೇ ಡೊರೊತಿ ನೇರ ನನ್ನ ಬಳಿ ಬಂದು, ಪಕ್ಕದಲ್ಲಿ ಕೂತು, ಕೈ ಹಿಡಿದರು.

"ನೀನು ಮುಂದಾಗೋದು ಹೇಳ್ತೀಯಂತೆ ಡಕ್. ನಮ್ಮ ಪಾಲ್ ಬರ್ತಾನಾ?"

ಈ ಕಡೆಯ ಜನ ಪ್ರೀತಿಯಿಂದ ಮಾತಾಡಿಸುವಾಗ ಯಾರನ್ನಾದರೂ ಡಕ್, ಅಂದರೆ ಬಾತುಕೋಳಿ, ಅನ್ನುತ್ತಾರೆ. ಮಾಂತ್ರಿಕನಿಗೂ ವಿನಾಯಿತಿ ಇಲ್ಲ.

ಪಾಲ್ ಯಾರು ಎಂಬಂತೆ ಕೆನ್ ಕಡೆ ನೋಡಿದೆ. ಅವರು ಟೈ ಸರಿಮಾಡಿಕೊಂಡು ಗೋಡೆ ನೋಡುತ್ತಿದ್ದರು. ಹವಾಮಾನ, ಕೆಫೆ, ಗಿಫ್ಟ್ ಶಾಪ್ ಮೂರರಲ್ಲಿ ಯಾವುದಕ್ಕೂ ಈ ಪ್ರಶ್ನೆ ಸೇರುವುದಿಲ್ಲ. ಹಾಗಾಗಿ ನಾನೇ ಒಂದು ಕೇಳಿದೆ. "ಬಂದರೆ ಏನು ಮಾಡಿ ಹಾಕ್ತೀರಿ?"

ಡೊರೊತಿಯ ಮುಖ ಅರಳಿತು. ಕುರಿಮಾಂಸದ ಸ್ಟ್ಯೂ, ಅದಕ್ಕೆ ಹಿಟ್ಟಿನ ಉಂಡೆ, ಉಂಡೆ ಗಟ್ಟಿಯಾದರೆ ಅವನಿಗೆ ಆಗುವುದಿಲ್ಲ, ಚಿಕ್ಕವನಿದ್ದಾಗ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ, ಅವರಪ್ಪ ಬೈಯುತ್ತಿದ್ದರು. ಇಷ್ಟು ಹೇಳುವಷ್ಟರಲ್ಲಿ ಪ್ರಶ್ನೆ ಅವರಿಗೆ ಮರೆತಿತ್ತು. ಮರುವಾರ ಬಂದು ಮತ್ತೆ ಕೇಳಿದರು. ಪ್ರತಿ ಮಂಗಳವಾರ ಅದೇ ಪ್ರಶ್ನೆ, ಅಡುಗೆ ಮಾತ್ರ ಬೇರೆ ಬೇರೆ. ಕೆನ್ ಸ್ವಲ್ಪ ದೂರದಲ್ಲಿ ಕಿವಿಗೊಟ್ಟು ನಿಂತಿರುತ್ತಿದ್ದರು. ಅವರಿಗೂ ಅದರಲ್ಲಿ ಎಷ್ಟೋ ವಿಷಯ ಹೊಸದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಒಂದು ದಿನ ಡೊರೊತಿ ಬಾತ್‌ರೂಮಿಗೆ ಹೋದಾಗ ಕೆನ್ ಹತ್ತಿರ ಬಂದರು. ಮಗ ಸತ್ತಿದ್ದಾನೋ ಏನೋ ಎಂದು ನಾನು ಹೆದರಿದ್ದೆ. ಸತ್ತಿರಲಿಲ್ಲ. ಲೀಡ್ಸ್‌ನಲ್ಲಿದ್ದ.

ಕೆನ್ ಇದ್ದ ಕಾರ್ಖಾನೆಯಲ್ಲೇ ಪಾಲ್‌ಗೂ ಕೆಲಸ. ಹೊಸೈರಿ ದಂಧೆ ಬಿದ್ದಾಗ ಕೆನ್‌ನ ವಿಭಾಗದಿಂದ ಕೆಲವರನ್ನು ತೆಗೆಯಬೇಕೆಂದು ಮೇಲಿನವರು ಹೇಳಿದರು. ಯಾರನ್ನು ಎಂದು ಕೆನ್ ಆರಿಸಬೇಕು. "ಮೊದಲು ಮಗನ ಹೆಸರು ಹೇಳಿದೆ" ಅಂದರು. "ಇಲ್ಲದಿದ್ದರೆ ಉಳಿದವರ ಮುಖ ಹೇಗೆ ನೋಡ್ತಿದ್ದೆ? ಅವನಿಗೆ ಅವತ್ತು ಮೂರು ತಿಂಗಳ ಮಗು, ಹೊಸ ಮನೆಸಾಲ." ಪಾಲ್ ಲೀಡ್ಸ್‌ಗೆ ಹೋಗಿ ಬೇರೆ ಬದುಕು ಕಟ್ಟಿಕೊಂಡ. ತಾಯಿಗೆ ಹಬ್ಬದ ಕಾರ್ಡ್ ಕಳಿಸುತ್ತಾನೆ. ತಂದೆಯ ಜೊತೆ ಮಾತಿಲ್ಲ, ಮನೆಗೆ ಬರುವುದಿಲ್ಲ.

"ಅವಳು ಕೇಳಿದಾಗ ಬರ್ತಾನೆ ಅಂದುಬಿಡು. ಟೀ ಹೊತ್ತಿಗೆ ಅವಳಿಗೆ ಮರೆತೇ ಹೋಗಿರುತ್ತೆ. ಏನು ನಷ್ಟ?"

"ಅವರು ಮರೀತಾರೆ ಕೆನ್. ನೀವು ಮರೆಯಲ್ಲ."

ಅವರು ಟೈ ಸರಿಮಾಡಿಕೊಂಡರು. ಇವತ್ತು ಗಾಳಿ ಜೋರು ಅಂದರು. ಹೌದು ಅಂದೆ. ಅದು ಹವಾಮಾನ, ಹೇಳಬಹುದು.

ಈ ನಡುವೆ ಕೌನ್ಸಿಲ್ ದುಡ್ಡಿಲ್ಲವೆಂದು ಕೋಟೆಯನ್ನು ಒಂದು ಟ್ರಸ್ಟ್‌ಗೆ ವಹಿಸಿತು. ಟ್ರಸ್ಟ್‌ನವರು ಹೊಸ ವಿಧಾನ ತಂದರು. ಗೋಪುರದೊಳಗೆ ಮನುಷ್ಯನಷ್ಟೆತ್ತರದ ಪರದೆ, ಅದರಲ್ಲಿ ಮಾಂತ್ರಿಕ. ನೀಲಿ ಕಣ್ಣು, ಗಂಭೀರ ದನಿ, ಹೊಳೆಯುವ ಗಡ್ಡ. ಗುಂಡಿ ಒತ್ತಿದರೆ "ಸ್ವಾಗತ, ಪ್ರಯಾಣಿಕರೇ!" ಎನ್ನುತ್ತಾನೆ. ಅವನಿಗೆ ಚಳಿಯಿಲ್ಲ, ರಜೆ ಬೇಡ, ಟೋಪಿಯ ಬಗ್ಗೆ ತಕರಾರಿಲ್ಲ. ನನ್ನ ಕೆಲಸವನ್ನು ವಾರಾಂತ್ಯಕ್ಕೆ ಇಳಿಸಿದರು.

ಕೆಫೆಯ ಶರನ್ ಒಂದು ಶನಿವಾರ ನನಗೆ ಹೇಳಿದಳು. ಡೊರೊತಿ ಮಂಗಳವಾರ ಪರದೆಯ ಮುಂದೆ ಕೂತು, ಗುಂಡಿ ಒತ್ತಿ, ನಮ್ಮ ಪಾಲ್ ಬರ್ತಾನಾ ಎಂದು ಕೇಳಿದರಂತೆ. ಅದು "ಸ್ವಾಗತ, ಪ್ರಯಾಣಿಕರೇ!" ಅಂದಿತಂತೆ. ಅವರು ಮತ್ತೆ ಕೇಳಿದರಂತೆ. ಅದೂ ಮತ್ತೆ ಹೇಳಿತಂತೆ. ಕೆನ್ ಎಷ್ಟು ಕರೆದರೂ ಏಳಲಿಲ್ಲವಂತೆ.

ನಾನು ಹೆಲೆನ್ ಹತ್ತಿರ ಹೋಗಿ ಮಂಗಳವಾರ ಬರುತ್ತೇನೆ ಅಂದೆ.

"ಬಜೆಟ್ ಇಲ್ಲ."

"ಸಂಬಳ ಬೇಡ. ಸ್ವಯಂಸೇವಕಿಯಾಗಿ ಬರ್ತೀನಿ."

"ಮಾಂತ್ರಿಕನಿಗೆ ಸ್ವಯಂಸೇವಕ ಹುದ್ದೆ ಇಲ್ಲ ಶಕು." ಹೆಲೆನ್ ಕಂಪ್ಯೂಟರ್ ನೋಡಿದಳು. "ತೋಟಕ್ಕಿದೆ."

ಹಾಗಾಗಿ ಅಂದಿನಿಂದ ಪ್ರತಿ ಮಂಗಳವಾರ ಕಾಗದದ ಮೇಲೆ ನಾನು ಗುಲಾಬಿ ಗಿಡ ಕತ್ತರಿಸುತ್ತಿದ್ದೆ. ಮೇಲಧಿಕಾರಿಗಳ ಬಗ್ಗೆ ಬಹಳ ಜನ ಬಹಳ ಬರೆಯುತ್ತಾರೆ. ನನಗೆ ಹೆಲೆನ್ ಬಗ್ಗೆ ಬರೆಯಲಿಕ್ಕಿರುವುದು ಇದೊಂದೇ. ಅವಳು ಒಮ್ಮೆಯೂ ಗುಲಾಬಿ ನೋಡಲು ಬರಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಡೊರೊತಿ ಇಳಿದುಹೋಗಿದ್ದರು. ನಡಿಗೆ ನಿಧಾನವಾಯಿತು, ಅಡುಗೆಯ ಮಾತು ತುಂಡು ತುಂಡಾಯಿತು. ಆಮೇಲೆ ಒಂದು ಮಂಗಳವಾರ ಬಂದರು, ನನ್ನ ಪಕ್ಕದಲ್ಲಿ ಕೂತರು, ಕೈ ಹಿಡಿದರು, ಏನೂ ಕೇಳಲಿಲ್ಲ. ನಾನು ಕಾದೆ. ಅವರು ಹುಲ್ಲಿನ ಮೇಲಿದ್ದ ಕಾಗೆಗಳನ್ನು ನೋಡುತ್ತಿದ್ದರು. ನಾನಾಗಿಯೇ, "ಸ್ಟ್ಯೂ ಮಾಡಿದ್ರಾ?" ಅಂದೆ. "ಯಾರಿಗೆ?" ಅಂದರು.

ಕೆನ್‌ಗೆ ಅದು ಕೇಳಿಸಿತು. ಆ ಪ್ರಶ್ನೆ ಯಾವಾಗ ನಿಲ್ಲುತ್ತದೋ ಎಂದು ಅವರು ಇಷ್ಟು ದಿನ ಬೇಸತ್ತದ್ದನ್ನು ನಾನು ನೋಡಿದ್ದೆ. ಪ್ರಶ್ನೆ ನಿಂತಾಗ ಅವರ ಮುಖ ಕಳೆಗುಂದಿತು. ಶರನ್‌ಳನ್ನು ಕರೆದು ಡೊರೊತಿಯ ಬಳಿ ಕೂರಿಸಿ, ನನ್ನನ್ನು ಕಾರ್ ಪಾರ್ಕಿನ ಕಡೆ ಕರೆದುಕೊಂಡು ಹೋದರು.

"ಅವನು ಇನ್ನು ಬಂದರೂ..." ಎಂದು ನಿಲ್ಲಿಸಿದರು.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಟ್ರಸ್ಟ್‌ನ ನಿಯಮ, ಹೆಲೆನ್‌ಳ ನಿಯಮ, ಎಲ್ಲ ಪ್ರಕಾರ ಅದೇ ಸರಿ. ಆದರೆ ಗಡ್ಡ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದೆ. "ಕೆನ್, ಈಗ ಫೋನ್ ಮಾಡದಿದ್ದರೆ ಮುಂದೆ ಮಾಡಿಯೂ ಉಪಯೋಗ ಇರಲ್ಲ. ಇದು ನನಗೆ ಗೊತ್ತಿದೆ. ಗೊತ್ತಿದ್ದು ಹೇಳದೆ ಇರೋಕೆ ನನಗಾಗಲ್ಲ."

"ಅವನು ಎತ್ತಲ್ಲ."

"ಎತ್ತದೇ ಇರಬಹುದು."

"ಏನಂತ ಮಾತಾಡೋದು?"

"ನನಗೆ ಗೊತ್ತಿಲ್ಲ."

ಅವರು ಬಹಳ ಹೊತ್ತು ಮೊಬೈಲ್ ನೋಡುತ್ತ ನಿಂತರು. ಹೋಗಬೇಡ ಎಂಬಂತೆ ನನ್ನ ನಿಲುವಂಗಿಯ ತೋಳು ಹಿಡಿದುಕೊಂಡಿದ್ದರು. ಹಾಗಾಗಿ ಆ ಕಡೆಯ ಮಾತು ನನಗೆ ಕೇಳದಿದ್ದರೂ ಈ ಕಡೆಯದ್ದು ಪೂರ್ತಿ ಕೇಳಿತು.

"ಪಾಲ್, ನಾನು ಅಪ್ಪ."

"ಇಲ್ಲ. ಇಲ್ಲ, ಬದುಕಿದ್ದಾಳೆ. ಇಲ್ಲೇ ಇದ್ದಾಳೆ."

ಒಂದು ಕಾರು ರಿವರ್ಸ್ ಮಾಡಿ ಹೊರಗೆ ಹೋಯಿತು. ಒಳಗಿದ್ದ ಮಕ್ಕಳು ಗಡ್ಡ ಕೈಯಲ್ಲಿ ಹಿಡಿದ ಮಾಂತ್ರಿಕನಿಗೆ ಕೈ ಬೀಸಿದರು. ನಾನೂ ಬೀಸಿದೆ.

"ಅವಳು ನಿನ್ನನ್ನು ಕೇಳೋದು ನಿಲ್ಲಿಸಿಬಿಟ್ಟಳು ಕಣೋ" ಅಂದರು ಕೆನ್.

ಆಮೇಲೆ ಅವರ ದನಿ ಸೂಪರ್‌ವೈಸರ್ ದನಿಯಾಯಿತು. "ಎಂ ಒನ್ ಹೆದ್ದಾರಿಯಲ್ಲಿ ಬರಬೇಡ. ಶೆಫೀಲ್ಡ್ ಹತ್ತಿರ ರಸ್ತೆ ಕೆಲಸ ಇದೆ, ಗಂಟೆಗಟ್ಟಲೆ ನಿಲ್ಲಿಸ್ತಾರೆ. ಆ ಕಡೆಯಿಂದ ಎ ಒನ್ ಹಿಡಿ. ಹೌದು. ಟ್ಯಾಂಕ್ ತುಂಬಿಸ್ಕೊ."

ಫೋನ್ ಇಟ್ಟರು. "ಎ ಒನ್‌ನಲ್ಲಿ ಬರ್ತಾನಂತೆ" ಎಂದು ನನಗೆ ತಿಳಿಸಿದರು. ಆಮೇಲೆ ಕಾರಿನ ಬಾನೆಟ್ ಮೇಲೆ ಎರಡೂ ಕೈ ಊರಿಕೊಂಡು ತಲೆ ಬಗ್ಗಿಸಿ ನಿಂತರು. ಇಂಥ ಹೊತ್ತಿನಲ್ಲಿ ಇಲ್ಲಿನ ಗಂಡಸರನ್ನು ಮುಟ್ಟಬಾರದು ಎಂದು ಯಾರೋ ಹೇಳಿದ್ದರು. ನಾನು ಬೆನ್ನ ಮೇಲೆ ಕೈ ಇಟ್ಟೆ. ಅವರು ದೂರ ಸರಿಯಲಿಲ್ಲ.

ಮರು ಮಂಗಳವಾರ ಮೂವರು ಬಂದರು. ಪಾಲ್ ನನ್ನ ಕಲ್ಪನೆಯಲ್ಲಿ ಯುವಕನಾಗಿದ್ದ. ಬಂದವರಿಗೆ ಐವತ್ತು ದಾಟಿತ್ತು, ತಲೆ ಬೆಳ್ಳಗಾಗಿತ್ತು. ತಂದೆ ಮಗ ಇಬ್ಬರೂ ಡೊರೊತಿಯ ಎರಡು ತೋಳು ಹಿಡಿದು, ಅವರನ್ನು ನಡುವೆ ಬಿಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನಡೆದುಬಂದರು.

ಡೊರೊತಿ ನನ್ನ ಪಕ್ಕ ಕೂತರು. "ಇವನು ಬಹಳ ಒಳ್ಳೆಯ ಹುಡುಗ" ಎಂದು ಪಾಲ್‌ನನ್ನು ಪರಿಚಯ ಮಾಡಿಸಿದರು. "ನಮ್ಮನ್ನು ಕಾರಿನಲ್ಲಿ ಕರ್ಕೊಂಡ್ ಬಂದ."

ಪಾಲ್ ಹುಲ್ಲಿನ ಮೇಲೆ ಅವರ ಮುಂದೆ ಮಂಡಿಯೂರಿ ಕೂತರು. "ಅಮ್ಮ, ನಾನು ಪಾಲ್."

"ಹೌದಾ? ನಮ್ಮ ಮಗನ ಹೆಸರೂ ಅದೇ." ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿ, ನಿಧಾನವಾಗಿ ನನ್ನ ಕಡೆ ತಿರುಗಿ, ನನ್ನ ಕೈ ಗಟ್ಟಿಯಾಗಿ ಹಿಡಿದರು. "ನೀನು ಹೇಳು ಡಕ್. ನಮ್ಮ ಪಾಲ್ ಬರ್ತಾನಾ?"

ಪಾಲ್ ನನ್ನನ್ನು ನೋಡಿದರು. ಕೆನ್ ಟೈ ಮುಟ್ಟಿಕೊಳ್ಳಲಿಲ್ಲ, ಅವರೂ ನನ್ನನ್ನೇ ನೋಡಿದರು. ಇಷ್ಟು ವರ್ಷ ಆ ಬೆಂಚಿನ ಮೇಲೆ ಕೂತು ನಾನು ಹೇಳಿದ್ದೆಲ್ಲ ಮಳೆ, ಕೇಕ್, ಟೋಪಿ.

"ಬಂದಿದ್ದಾನೆ" ಅಂದೆ.

ಡೊರೊತಿ ಹುಬ್ಬು ಗಂಟಿಕ್ಕಿ ಗಂಡನ ಕಡೆ ನೋಡಿದರು. "ಮತ್ತೆ ಯಾರೂ ಟೀಗೆ ಇಟ್ಟಿಲ್ಲ ಯಾಕೆ?"

ಪಾಲ್ ಎದ್ದು ಪ್ಯಾಂಟಿನ ಮಂಡಿ ಒರೆಸಿಕೊಂಡು ಕೆಫೆ ಕಡೆ ಹೊರಟರು. ಕೆನ್ ಒಂದು ನಿಮಿಷ ನಿಂತು, ಹಿಂದೆಯೇ ಹೋದರು. ಕಿಟಕಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು. ಕೆನ್ ಗಾಜಿನ ಪೆಟ್ಟಿಗೆಯಲ್ಲಿದ್ದ ಯಾವುದೋ ಕೇಕ್ ಕಡೆ ಬೆರಳು ತೋರಿಸಿದರು. ಪಾಲ್ ಬೇಡವೆಂದು ತಲೆಯಾಡಿಸಿ ಪಕ್ಕದ್ದನ್ನು ತೋರಿಸಿದರು. ಕೆನ್ ಅದನ್ನೇ ಎತ್ತಿ ಟ್ರೇಗೆ ಇಟ್ಟರು.

ಡೊರೊತಿ ನನ್ನ ಗಡ್ಡವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದರು. "ಇದು ನಿಜವಾದದ್ದಾ?"

"ಅಲ್ಲ" ಅಂದೆ.

"ಅಂದ್ಕೊಂಡೆ." ಬೆಂಚಿನ ಮೇಲೆ ಸರಿದು ಇನ್ನೂ ಇಬ್ಬರಿಗೆ ಜಾಗ ಮಾಡಿದರು. "ಹೋಗ್ಬೇಡ, ಕೂತಿರು. ನಮ್ಮವರಿಬ್ಬರೂ ಟೀ ತರೋಕೆ ಹೋಗಿದ್ದಾರೆ."